ಮನದ ಗುಟ್ಟಿಗೆ ಬೀಗ ಯಾರದು?

ಮನೋಚಿಕಿತ್ಸಕರ ಕೋಣೆಗೆ ಕಂಪ್ಯೂಟರ್ ಬಂದುದನ್ನು ಬರೀ ಪ್ರಗತಿಯೆಂದು ಕೊಂಡಾಡುವವರು ಫಿನ್‌ಲ್ಯಾಂಡಿನ ವಸ್ತಾಮೊ ಪ್ರಕರಣವನ್ನು ಗಮನಿಸಬೇಕು. ಈ ಖಾಸಗಿ ಸಂಸ್ಥೆಯ ಚಿಕಿತ್ಸಕರು ರೋಗಿಗಳು ತೋಡಿಕೊಂಡ ನೋವುಗಳನ್ನು ಸಂಸ್ಥೆಯ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು. 2018ರಲ್ಲಿ ಆ ದಾಖಲೆಗಳು ಕಳವಾದವು. 2020ರ ಅಕ್ಟೋಬರ್‌ನಲ್ಲಿ ರೋಗಿಗಳಿಗೇ ನೇರವಾಗಿ ಬೆದರಿಕೆ ಬಂತು: 24 ಗಂಟೆಗಳೊಳಗೆ 200 ಯೂರೋ ಕೊಡಿ, ತಡವಾದರೆ 500, ಕೊಡದಿದ್ದರೆ ನಿಮ್ಮ ಗುಟ್ಟು ಬಯಲು! ಸುಮಾರು 33 ಸಾವಿರ ಮಂದಿ ಇದರ ಬಲಿಪಶುಗಳು. 2021ರಲ್ಲಿ ಸಂಸ್ಥೆ ದಿವಾಳಿಯಾಯಿತು. 2024ರಲ್ಲಿ ನ್ಯಾಯಾಲಯ ಅಪರಾಧಿಗೆ ಜೈಲುಶಿಕ್ಷೆ ವಿಧಿಸಿತು. ಆದರೆ ಹೊರಬಿದ್ದ ಮಾತನ್ನು ಮರಳಿ ತರುವ ಶಕ್ತಿ ಯಾವ ನ್ಯಾಯಾಲಯಕ್ಕಿದೆ?

ಚಿಕಿತ್ಸಕರು ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ಆದರೂ ಗುಟ್ಟು ಉಳಿಯಲಿಲ್ಲ. ಹಿಂದೆ ಅವರ ನಾಲಿಗೆಯ ಸಂಯಮವೇ ರೋಗಿಗೆ ರಕ್ಷಣೆಯಾಗಿತ್ತು. ಈಗ ಬೀಗದ ಕೈ ಇನ್ನಾರದೋ ಬಳಿಯಿದೆ.

ಹಾಗೆಂದು ತಂತ್ರಜ್ಞಾನವನ್ನೇ ದೂರವಿಡಬೇಕೆಂದಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ದುಃಖ ಹೇಳಿಕೊಳ್ಳಬಹುದು. ಆಸ್ಪತ್ರೆಯ ಬಾಗಿಲಲ್ಲಿ ಊರಿನವರ ಕಣ್ಣಿಗೆ ಬೀಳಲು ಅಂಜುವವರಿಗೆ ಇದು ದೊಡ್ಡ ಆಸರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಡಿಜಿಟಲ್ ಮಾಹಿತಿಗೂ ಅದು ಅನ್ವಯಿಸುತ್ತದೆ.

ಆದರೆ ಕಾಯ್ದೆ ಕಾಗದದಲ್ಲಿದ್ದರೆ ಸಾಲದು. ತನ್ನ ಮಾತು ಎಲ್ಲಿ ಸಂಗ್ರಹವಾಗುತ್ತದೆ, ಅದನ್ನು ಯಾರು ಓದಬಲ್ಲರು, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ರೋಗಿಗೆ ಮೊದಲ ಭೇಟಿಯಲ್ಲೇ ತಿಳಿಸಬೇಕು. ಚಿಕಿತ್ಸೆಗೆ ಬೇಕಾದಷ್ಟನ್ನೇ ದಾಖಲಿಸಬೇಕು. ಬರೆಯದ ಮಾತನ್ನು ಯಾರೂ ಕದಿಯಲಾರರು. ತನ್ನ ಸಾಧನದ ಬಗ್ಗೆ ಈ ಪ್ರಶ್ನೆಗಳಿಗೆ ಉತ್ತರ ತಿಳಿಯದ ಚಿಕಿತ್ಸಕ ಅದನ್ನು ಬಳಸದಿರುವುದೇ ಲೇಸು.