ಬೀಳಲಿರುವ ಹಿಮ, ಬಿದ್ದಿರುವ ಹಿಮ

ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಕಚೇರಿಯ ಊಟದ ಮೇಜಿನ ಸುತ್ತ ಮಾತ್ರ ಬಿರುಗಾಳಿಯದೇ ಮಾತು. ಅಲಾಸ್ಕಾ ಕೊಲ್ಲಿಯ ಕಡೆ ಇನ್ನೂ ಸರಿಯಾಗಿ ಹುಟ್ಟಿಯೇ ಇಲ್ಲದ ವಾಯುಭಾರ ಕುಸಿತವೊಂದು ಇನ್ನೆಂಟು ದಿನಕ್ಕೆ ವಾಸಾಚ್ ಬೆಟ್ಟಗಳಿಗೆ ಬಂದು ಬಡಿಯುತ್ತದಂತೆ. ‘ಯುರೋ ಏನು ಹೇಳುತ್ತೆ?’ ಎಂದು ಒಬ್ಬರು ಕೇಳುತ್ತಾರೆ. ‘ಯುರೋ ಒಂದಡಿ, ಜಿಎಫ್‌ಎಸ್ ಎರಡೂವರೆ ಅಡಿ’ ಎಂದು ಇನ್ನೊಬ್ಬರು ಫೋನಿನಿಂದ ತಲೆಯೆತ್ತದೆ ಹೇಳುತ್ತಾರೆ. ಯುರೋ ಎಂದರೆ ಯುರೋಪಿನ ಹವಾಮಾನ ಕೇಂದ್ರದ ಮಾಡೆಲ್, ಜಿಎಫ್‌ಎಸ್ ಅಮೆರಿಕದ್ದು. ಕೆಲಸಕ್ಕೆಂದು ಬೆಂಗಳೂರಿನಿಂದ ಹೋಗಿ, ಮೂವತ್ತು ದಾಟಿದ ಮೇಲೆ ಸ್ಕೀ ಕಲಿತ ನನಗೆ ಮೊದಲ ಚಳಿಗಾಲದಲ್ಲಿ ಈ ಭಾಷೆ ತಲೆಗೆ ಹತ್ತಲಿಲ್ಲ. ಎರಡನೆಯ ಚಳಿಗಾಲಕ್ಕೆ ನಾನೂ ಅದನ್ನೇ ಆಡತೊಡಗಿದ್ದೆ. ಬಿರುಗಾಳಿಯ ಬೆನ್ನು ಹತ್ತುವ ಈ ಅಭ್ಯಾಸದಲ್ಲಿ ಮೆಚ್ಚಬೇಕಾದದ್ದು ಬಹಳ ಇದೆ. ಆದರೆ ಆ ಮೋಡವಿಲ್ಲದ ಮಧ್ಯಾಹ್ನ ಬೆಟ್ಟದ ಮೇಲೆ ಏನಾಗುತ್ತಿತ್ತು ಎಂದು ಮೇಜಿನ ಸುತ್ತ ಇದ್ದ ಯಾರೂ ಕೇಳಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಗರದ ಮಗ್ಗುಲಲ್ಲೇ ಇರುವ ಲಿಟಲ್ ಕಾಟನ್‌ವುಡ್ ಕಣಿವೆ ಈ ಅಭ್ಯಾಸದ ಗರಡಿಮನೆ. ಕಣಿವೆಯ ತುದಿಯ ಆಲ್ಟಾದಲ್ಲಿ 1939ರಿಂದ ಸ್ಕೀ ಲಿಫ್ಟ್ ಓಡುತ್ತಿದೆ. ಅಲ್ಲಿ ವರ್ಷಕ್ಕೆ ಸರಾಸರಿ 500 ಇಂಚಿಗೂ ಹೆಚ್ಚು ಹಿಮ ಬೀಳುತ್ತದೆ. 2022-23ರ ಚಳಿಗಾಲದಲ್ಲಿ 903 ಇಂಚು, ಅಂದರೆ 75 ಅಡಿ, ಬಿದ್ದು ದಾಖಲೆಯಾಯಿತು. ವಾಯವ್ಯದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ಎದುರಾಗಿ, ಮುಂದೆ ದಾರಿಯಿಲ್ಲದೆ ಮೇಲೇರಿ, ತಣಿದು ಹಿಮ ಸುರಿಸುತ್ತದೆ. ಆಗುಂಬೆಗೆ ಮಳೆ ಸುರಿಯುವುದೂ ಇದೇ ಏರುಗಾಳಿಯಿಂದ. ಗಾಳಿಯ ದಿಕ್ಕು ಸ್ವಲ್ಪ ತಿರುಗಿದರೆ ಸಾಕು, ಒಂದು ಕಣಿವೆಗೆ ಎರಡಡಿ, ಪಕ್ಕದ್ದಕ್ಕೆ ಅರ್ಧ ಅಡಿ.

ಇಷ್ಟು ಸೂಕ್ಷ್ಮವನ್ನು ಹವಾಮಾನ ಓದದ ಜನ ಕಲಿತಿದ್ದಾರೆ ಎಂಬುದೇ ಈ ಅಭ್ಯಾಸದ ದೊಡ್ಡ ಗೆಲುವು. ಬಡಗಿ, ನರ್ಸ್, ಸಾಫ್ಟ್‌ವೇರ್ ಹುಡುಗರು ಎಲ್ಲರೂ ಹತ್ತು ಸಾವಿರ ಅಡಿ ಎತ್ತರದಲ್ಲಿ ಗಾಳಿ ಯಾವ ಕಡೆಯಿಂದ, ಎಷ್ಟು ತಣ್ಣಗೆ ಬರುತ್ತದೆ ಎಂದು ಚರ್ಚಿಸುತ್ತಾರೆ. ಆರಂಭದ ಅಂಕಿಗಳನ್ನು ಚೂರುಚೂರೇ ಬದಲಿಸಿ ಯುರೋಪಿನ ಮಾಡೆಲನ್ನು ಐವತ್ತು ಸಲ ಓಡಿಸುತ್ತಾರೆ, ಐವತ್ತೂ ಒಂದೇ ಉತ್ತರ ಕೊಟ್ಟರೆ ನಂಬಬಹುದು, ದಿಕ್ಕಾಪಾಲಾದರೆ ಕಾಯಬೇಕು ಎಂಬುದು ಅವರಿಗೆ ಗೊತ್ತು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಸ್ಥಳೀಯ ಕಚೇರಿಗಳು ದಿನಕ್ಕೆ ಹಲವು ಸಲ ಹೊರಡಿಸುವ ಮುನ್ಸೂಚನಾ ಟಿಪ್ಪಣಿಯನ್ನಂತೂ ನಾನು ಆ ಊರಿನ ಅತ್ಯುತ್ತಮ ಗದ್ಯ ಎಂದೇ ಎಣಿಸುತ್ತೇನೆ. ಚಿತ್ರವಿಲ್ಲ, ಬಣ್ಣವಿಲ್ಲ, ಕಾಸೂ ಕೊಡಬೇಕಿಲ್ಲ. ಮಾಡೆಲ್‌ಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ, ತಾನು ಯಾವುದನ್ನು ಏಕೆ ನಂಬಿದೆ ಎಂದು ರಾತ್ರಿ ಪಾಳಿಯ ಅಧಿಕಾರಿ ಬರೆದಿಡುತ್ತಾನೆ. ಅನುಮಾನವನ್ನು ಇಷ್ಟು ನಿಖರವಾಗಿ, ಇಷ್ಟು ಪ್ರಾಮಾಣಿಕವಾಗಿ ಬರೆಯುವುದನ್ನು ಬೇರೆ ಯಾವ ಸರ್ಕಾರಿ ಕಾಗದದಲ್ಲೂ ನಾನು ಓದಿಲ್ಲ.

ಈ ವಿದ್ಯೆಯನ್ನು ಜನರ ಕೈಗೆ ತಲುಪಿಸಿದವರಲ್ಲಿ ಯೂಟಾ ವಿಶ್ವವಿದ್ಯಾಲಯದ ಜಿಮ್ ಸ್ಟೀನ್‌ಬರ್ಗ್ ಮುಖ್ಯರು. 2014ರಲ್ಲಿ ಬಂದ ಅವರ ‘ಸೀಕ್ರೆಟ್ಸ್ ಆಫ್ ದಿ ಗ್ರೇಟೆಸ್ಟ್ ಸ್ನೋ ಆನ್ ಅರ್ತ್’ ಪುಸ್ತಕ, ಯೂಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೂ ಅಚ್ಚಾಗಿರುವ ‘ಜಗತ್ತಿನ ಅತ್ಯುತ್ತಮ ಹಿಮ’ ಎಂಬ ಘೋಷಣೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ನಗರದ ಪಕ್ಕದ ಉಪ್ಪಿನ ಸರೋವರದಿಂದಲೇ ಇಷ್ಟು ಹಿಮ ಎಂಬ ಸ್ಥಳೀಯ ನಂಬಿಕೆಯನ್ನು ಅವರು ಲೆಕ್ಕ ಹಾಕಿ ಕೆಡವುತ್ತಾರೆ. ಸರೋವರದ ಪಾಲು ಬಹಳ ಸಣ್ಣದು. ಆಲ್ಟಾದ ಹೊಸ ಹಿಮದಲ್ಲಿ ಸರಾಸರಿ ಶೇಕಡಾ 8.4ರಷ್ಟು ನೀರಿದೆ, ಇದಕ್ಕಿಂತ ಹಗುರ ಹಿಮ ಬೇರೆ ಕಡೆ ಬೀಳುತ್ತದೆ ಎಂದೂ ತೋರಿಸುತ್ತಾರೆ. ಹಾಗಾದರೆ ಇಲ್ಲಿನ ಹಿಮದ ಗುಟ್ಟೇನು? ಬಿರುಗಾಳಿಯ ಮೊದಲ ಭಾಗ ಬೆಚ್ಚಗಿದ್ದು ಭಾರದ ಹಿಮ ಹಾಸುತ್ತದೆ. ಚಳಿ ಏರಿದಂತೆ ಅದರ ಮೇಲೆ ಹಗುರ ಹಿಮ ಬೀಳುತ್ತದೆ. ಗಟ್ಟಿ ಹಾಸಿಗೆಯ ಮೇಲೆ ಹತ್ತಿ ಹರಡಿದ ಹಾಗೆ. ಆಗ ಸ್ಕೀ ಮುಳುಗದೆ ತೇಲುತ್ತದೆ. ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವ ಕ್ರಮದಲ್ಲಿ ಬಿತ್ತು ಎಂದು ಕೇಳಲು ಕಲಿಸಿದ್ದು ಈ ಪುಸ್ತಕದ ದೊಡ್ಡ ಕೊಡುಗೆ.

ದುರದೃಷ್ಟವೆಂದರೆ ದಿನನಿತ್ಯದ ಬಳಕೆಯಲ್ಲಿ ಗೆದ್ದಿರುವುದು ಒಂಟಿ ಅಂಕಿ. ಫೋನಿನ ಪರದೆಯಲ್ಲಿ ಬೆಟ್ಟದ ಹೆಸರು, ಪಕ್ಕದಲ್ಲಿ ‘18 ಇಂಚು’. ಆ ಹದಿನೆಂಟು ಬಂದದ್ದು ಹೇಗೆ ಎಂದು ನೋಡುವವರು ಕಡಿಮೆ. ಮಾಡೆಲ್ ಲೆಕ್ಕ ಹಾಕುವುದು ನೀರನ್ನು. ಒಂದಿಂಚು ನೀರು ಬೆಚ್ಚಗಿನ ಬಿರುಗಾಳಿಯಲ್ಲಿ ಎಂಟಿಂಚು ಹಿಮವಾದೀತು, ಕೊರೆಯುವ ಚಳಿಯಲ್ಲಿ ಇಪ್ಪತ್ತಾದೀತು. ಎಂಟು ದಿನ ಮುಂಚಿನ ಅಂಕಿಯಲ್ಲಿ ನೀರಿನ ಅಂದಾಜೂ ಅಲುಗಾಡುತ್ತಿರುತ್ತದೆ, ಅದನ್ನು ಹಿಗ್ಗಿಸುವ ಗುಣಕವೂ ಅಲುಗಾಡುತ್ತಿರುತ್ತದೆ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಓಡುತ್ತದೆ. ನಾವೂ ನಾಲ್ಕು ಸಲ ನೋಡುತ್ತೇವೆ. ಏರಿದರೆ ಹಿಗ್ಗು, ಇಳಿದರೆ ಮಂಕು. ಯಾವ ಮಾಡೆಲ್ ಹೆಚ್ಚು ಹಿಮ ಕೊಡುತ್ತದೋ ಅದೇ ಆ ದಿನಕ್ಕೆ ಒಳ್ಳೆಯ ಮಾಡೆಲ್. ಬರೀ ಮುನ್ಸೂಚನೆಯಾಗಿದ್ದದ್ದು ಯಾರೋ ಕೊಟ್ಟ ಮಾತಿನಂತೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಎಂಟು ದಿನ ಕಾದವನಿಗೆ ಒಂಬತ್ತನೆಯ ಬೆಳಿಗ್ಗೆ ‘ಬೇಡ’ ಎನ್ನುವುದು ಎಷ್ಟು ಕಷ್ಟ ಎಂದು ನಾನು ಬಲ್ಲೆ.

ಹಿಮಕುಸಿತದ ಬಗ್ಗೆ ಮೂರು ದಿನದ ತರಬೇತಿಗೆ ಹೋದಾಗ ನನ್ನ ಕಣ್ಣು ತೆರೆಯಿತು. ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಎದೆಮಟ್ಟ ಗುಂಡಿ ತೋಡಿದೆವು. ಕತ್ತರಿಸಿದ ಗೋಡೆಯಲ್ಲಿ ಇಡೀ ಚಳಿಗಾಲ ಪದರ ಪದರವಾಗಿ ಕಾಣುತ್ತಿತ್ತು. ಮೇಲೆ ಹೊಸ ಹಿಮ, ನಡುವೆ ಗಟ್ಟಿ ಪದರ, ತಳದಲ್ಲಿ ಬೂದುಬಣ್ಣದ ಒಂದು ಗೇಣು. ಕಲಿಸುವವರು ಬ್ರಷ್‌ನಿಂದ ಗೋಡೆಯನ್ನು ಮೆಲ್ಲಗೆ ಸವರಿದರು. ಮೇಲಿನದು ಅಲುಗಲಿಲ್ಲ, ತಳದ ಗೇಣು ಮಾತ್ರ ಸಕ್ಕರೆ ಮೂಟೆಗೆ ತೂತು ಬಿದ್ದ ಹಾಗೆ ಸುರಿಯಿತು. ಅಂಗೈಗೆ ಹಾಕಿಕೊಂಡು ಹಿಸುಕಿದರೆ ಉಂಡೆ ಕಟ್ಟುವುದಿಲ್ಲ, ಕಾಳು ಕಾಳಾಗಿ ಬೆರಳ ಸಂದಿಯಲ್ಲಿ ಜಾರುತ್ತದೆ. ಅಲ್ಲಿಯವರು ಅದನ್ನು ಸಕ್ಕರೆ ಹಿಮ ಎಂದೇ ಕರೆಯುತ್ತಾರೆ. ಬಳಿಕ ಹಿಮದ ಒಂದು ಕಂಬ ಕೊರೆದು ಅದರ ಮೇಲೆ ಸಲಿಕೆ ಇಟ್ಟು ತಟ್ಟಿದರು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಎಂಬುದು ಕ್ರಮ. ಮೊಣಕೈಯ ಮೂರನೆಯ ಏಟಿಗೆ ಮೇಲಿನ ಗಟ್ಟಿ ಹಿಮವೆಲ್ಲ ಒಂದೇ ಹಲಗೆಯಾಗಿ ಸಕ್ಕರೆಯ ಮೇಲಿಂದ ಜಾರಿ ನಮ್ಮ ಮೊಣಕಾಲಿಗೆ ಬಂದು ಬಿತ್ತು. ಯಾರೂ ಮಾತಾಡಲಿಲ್ಲ.

ಆ ಸಕ್ಕರೆ ಹುಟ್ಟುವುದು ಬಿರುಗಾಳಿಯಲ್ಲಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಬಿದ್ದ ತೆಳು ಹಿಮದ ಕೆಳಗೆ ನೆಲ ಬೆಚ್ಚಗಿರುತ್ತದೆ, ಮೇಲೆ ನಿರ್ಮಲ ರಾತ್ರಿಯ ಚಳಿ. ಈ ವ್ಯತ್ಯಾಸಕ್ಕೆ ಹಿಮದೊಳಗಿನ ಆವಿ ಮೇಲಕ್ಕೆ ಹರಿದು, ಕಣಗಳು ನಡುವಿನ ಬೆಸುಗೆ ಬಿಟ್ಟು ಕೋನಕೋನದ ಹರಳುಗಳಾಗುತ್ತವೆ. ಅಂದರೆ ನಾವು ‘ಏನೂ ಆಗುತ್ತಿಲ್ಲ’ ಎಂದು ಗೊಣಗುತ್ತ ಅಲಾಸ್ಕಾದ ನಕ್ಷೆ ನೋಡುತ್ತಿದ್ದ ಆ ಮೋಡವಿಲ್ಲದ ದಿನಗಳಲ್ಲೇ ಬೆಟ್ಟ ತನ್ನ ಅಪಾಯವನ್ನು ಕಟ್ಟಿಕೊಳ್ಳುತ್ತಿತ್ತು. ಮುಂದೆ ಬರುವ ಎರಡಡಿ ಹಿಮ ಅದರ ಮೇಲೆ ಹೇರುವ ಹೊರೆ. ಬಿರುಗಾಳಿಯನ್ನಷ್ಟೇ ಹಿಂಬಾಲಿಸುವವನಿಗೆ ಈ ಕತೆಯ ಮೊದಲರ್ಧ ತಪ್ಪಿಹೋಗುತ್ತದೆ.

2012ರ ಫೆಬ್ರವರಿ 19ರಂದು ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ನಲ್ಲಿ ಹಿಮಕುಸಿತಕ್ಕೆ ಮೂವರು ಸತ್ತರು. ಒಳ್ಳೆಯ ಹಿಮದ ಸುದ್ದಿಗೆ ಸೇರಿದ್ದ ಹದಿನಾರು ಜನರ ಗುಂಪು, ಬಹುಪಾಲು ನುರಿತವರು. ಅದರ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಜಾನ್ ಬ್ರಾಂಚ್ ಬರೆದ ‘ಸ್ನೋ ಫಾಲ್’ಗೆ 2013ರ ಪುಲಿಟ್ಜರ್ ಬಂತು. ಪರದೆಯ ಮೇಲೆ ಚಲಿಸುವ ಚಿತ್ರಗಳಿಗಾಗಿ ಅದನ್ನು ಹೊಗಳಿದವರೇ ಹೆಚ್ಚು. ಅದರ ನಿಜವಾದ ಸತ್ವ ಬೇರೆ ಕಡೆ ಇದೆ ಎಂದು ನನ್ನ ಎಣಿಕೆ. ಬಿರುಗಾಳಿಗೆ ಮುಂಚಿನ ಬಿಸಿಲ ದಿನಗಳು, ಚಳಿ ರಾತ್ರಿಗಳಲ್ಲಿ ಮೇಲ್ಮೈಯಲ್ಲಿ ಬೆಳೆದ ಮಂಜಿನ ಹರಳುಗಳನ್ನು ಆತ ದುರಂತದ ಪಾತ್ರಗಳನ್ನಾಗಿ ತಂದಿದ್ದಾನೆ. ಹಿಮವನ್ನು ಹೀಗೆ ಹಿಂದಿನಿಂದ ಮುಂದಕ್ಕೆ ಓದಿದ ಬೇರೆ ಪತ್ರಿಕಾ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ. ಎರಡನೆಯ ಮಹಾಯುದ್ಧ ಮುಗಿಸಿ ಆಲ್ಟಾಕ್ಕೆ ಹಿಮದ ಕಾವಲುಗಾರನಾಗಿ ಬಂದ ಮಾಂಟ್ಗೊಮೆರಿ ಆಟ್‌ವಾಟರ್, ಹಿಮಕುಸಿತಕ್ಕೆ ಕಾರಣವಾಗುವ ಹತ್ತು ಅಂಶಗಳನ್ನು ಪಟ್ಟಿ ಮಾಡಿದ್ದ. ಗಾಳಿ, ಉಷ್ಣತೆ, ಹೊಸ ಹಿಮದ ಆಳದ ಜೊತೆಗೆ ಹಳೆಯ ಹಿಮದ ಆಳಕ್ಕೂ ಅದರ ಮೇಲ್ಮೈಗೂ ಅದರಲ್ಲಿ ಜಾಗವಿತ್ತು. ಕಣಿವೆಯ ಒಂದೇ ಒಂದು ರಸ್ತೆಯನ್ನು ಅರವತ್ತಕ್ಕೂ ಹೆಚ್ಚು ಹಿಮಕುಸಿತದ ದಾರಿಗಳು ಹಾಯುತ್ತವೆ. ಅಪಾಯ ಮಿತಿಮೀರಿದರೆ ಯಾರೂ ಕಟ್ಟಡ ಬಿಟ್ಟು ಹೊರಬರಬಾರದೆಂಬ ಆಜ್ಞೆ ಹೊರಡುತ್ತದೆ. ‘ಇಂಟರ್‌ಲಾಡ್ಜ್’ ಎಂದು ಅದಕ್ಕೆ ಹೆಸರು. 2021ರ ಫೆಬ್ರವರಿಯಲ್ಲಿ ಅದು 60 ಗಂಟೆ ನಡೆಯಿತು. ಕಾದು ಕೂತ ಹಿಮವೆಲ್ಲ ಕಿಟಕಿಯಾಚೆ, ಜನರೆಲ್ಲ ಒಳಗೆ.

ನಮ್ಮ ಗುಲ್ಮಾರ್ಗ್‌ನಲ್ಲೂ ಇದೇ ಕತೆ. ಕಡುಚಳಿಯ ಕಾಲವಾದ ಚಿಲ್ಲೈ ಕಲಾನ್‌ನ ನಲವತ್ತು ದಿನ ಜನ ಪಶ್ಚಿಮದ ಮಾರುತಗಳ ಸುದ್ದಿಗೆ ಕಿವಿಗೊಟ್ಟು ಕೂರುತ್ತಾರೆ. 2025ರಲ್ಲಿ ಹಿಮವಿಲ್ಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮುಂದೂಡಬೇಕಾಯಿತು. ಕೊಡಗಿನ ಸ್ಕೀ ಪಟು ಭವಾನಿ ತೆಕ್ಕಡ ನಂಜುಂಡ ಅವರಂಥವರಿಗೆ ಆಕಾಶ ನೋಡುವುದು ಮೋಜಲ್ಲ, ವರ್ಷದ ದುಡಿಮೆಯ ಪ್ರಶ್ನೆ. ಅದೇ ಗುಲ್ಮಾರ್ಗ್‌ನ ಅಫರ್ವಟ್ ಬೆಟ್ಟದ ಇಳಿಜಾರುಗಳಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಪತ್ರಿಕೆಗಳಲ್ಲಿ ಬರುವ ಎಚ್ಚರಿಕೆ ಜಿಲ್ಲೆ, ಎತ್ತರ, ಅಪಾಯದ ಮಟ್ಟ ಹೇಳಿ ಮುಗಿಯುತ್ತದೆ. ಯಾವ ದಿಕ್ಕಿನ ಇಳಿಜಾರು, ಯಾವ ಪದರ ಎಂದು ತಿಳಿಯಬೇಕಾದವನಿಗೆ ಅಷ್ಟು ಸಾಲದು.

ಯೂಟಾ ಹಿಮಕುಸಿತ ಕೇಂದ್ರದ ಬುಲೆಟಿನ್ ಆ ಕೆಲಸವನ್ನು ದಿನವೂ ಬೆಳಿಗ್ಗೆ ಮಾಡುತ್ತದೆ. ಗುಂಡಗಿನ ಒಂದು ಚಿತ್ರ. ಎಂಟು ದಿಕ್ಕು, ಮೂರು ಎತ್ತರ, ಒಂದೊಂದು ತುಂಡಿಗೂ ಅಪಾಯದ ಬಣ್ಣ. ಅದರ ಕೆಳಗೆ ಎಲ್ಲಿ ಗುಂಡಿ ತೋಡಿದರು, ಏನು ಕಂಡರು ಎಂಬ ವಿವರ. ನಾನು ಬಳಸಿದ ಹಿಮದ ಆ್ಯಪ್‌ಗಳಲ್ಲಿ ಇಂಚು ಮೇಲೆ, ಈ ಚಿತ್ರ ನಾಲ್ಕು ಬೆರಳೊತ್ತಿನಾಚೆ. ಅದನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಹಟ. ಚಿತ್ರದಲ್ಲಿ ಈಶಾನ್ಯದ ಕಡಿದಾದ ಭಾಗ ಕೆಂಪಾಗಿದ್ದ ಒಂದು ಬೆಳಿಗ್ಗೆ ನಾವು ಇಪ್ಪತ್ತೈದು ಡಿಗ್ರಿಗೂ ಕಡಿಮೆ ಓರೆಯ, ಮೇಲೆ ಯಾವ ಕಡಿದಾದ ಭಾಗವೂ ಇಲ್ಲದ ಆಸ್ಪೆನ್ ಮರಗಳ ಇಳಿಜಾರಿಗೆ ಹೋದೆವು. ಎಂಟು ದಿನ ಕಾದಿದ್ದ ಬಿರುಗಾಳಿಯ ಹಿಮ ಅಲ್ಲಿಯೂ ಮೊಣಕಾಲು ಮುಳುಗುವಷ್ಟು ಬಿದ್ದಿತ್ತು.