ಕೊಂಡಿಯನ್ನು ತೆರೆಯುವ ಅಧಿಕಾರ ಯಾರದು?

ಬೀದರ್ ಜಿಲ್ಲಾಡಳಿತದ ಜಾಲತಾಣವು ಎನ್.ಐ.ಸಿ. ಸಂಸ್ಥೆಯು ಜಿಲ್ಲೆಗಳಿಗೆ ಒದಗಿಸಿರುವ ಚೌಕಟ್ಟಿನಲ್ಲಿ ರೂಪುಗೊಂಡಿದೆ. ಅಲ್ಲಿಂದ ಹೊರತಾಣದ ಕೊಂಡಿಯೊಂದನ್ನು ಒತ್ತಿದರೆ ಅದು ಹೊಸ ವಿಂಡೋದಲ್ಲಿ ತೆರೆದುಕೊಳ್ಳುತ್ತದೆ. ಹಾಗಾಗುವುದೆಂಬ ಸೂಚನೆಯನ್ನೂ ಕೊಂಡಿಗೆ ಜೋಡಿಸಲಾಗಿದೆ. ಸೂಚನೆ ಕೊಡುವುದು ಶ್ಲಾಘ್ಯವೇ. ಆದರೆ ವಿಂಡೋವನ್ನು ತಾಣವೇ ತೆರೆಯಬೇಕೆ ಎಂಬುದು ವಿಚಾರಣೀಯ.

ಓದುಗನು ದಾರಿ ತಪ್ಪಬಾರದೆಂಬುದು ತಾಣಗಳವರ ಸಮರ್ಥನೆ. ಓದುಗನು ಕೈತಪ್ಪಬಾರದೆಂಬ ಆಸೆಯೂ ಅದರಲ್ಲಿ ಸೇರಿರುವುದುಂಟು. ಹೊಸ ವಿಂಡೋ ಬೇಕಾದವನು ಮೌಸಿನ ಬಲಗುಂಡಿ ಒತ್ತಿ ತಾನೇ ತೆರೆದುಕೊಳ್ಳಬಲ್ಲನು. ಬೇಡವಾದವನಿಗೆ ಅದನ್ನು ತಡೆಯುವ ಸುಲಭೋಪಾಯವಿಲ್ಲ. ಪಕ್ಷಪಾತವಿರುವುದು ಇಲ್ಲಿಯೇ.

ಬೀದರ್ ನಗರದಲ್ಲಿ ಸ್ವಂತ ಕಂಪ್ಯೂಟರ್ ಉಳ್ಳವನಿಗೆ ಇದು ಅಲ್ಪ ಸಂಗತಿ. ಭಾಲ್ಕಿಯ ಅಂಗಡಿಯೊಂದರಲ್ಲಿ ಪಹಣಿಗಾಗಿ ಕಂಪ್ಯೂಟರಿನ ಮುಂದೆ ಕುಳಿತ ಕೃಷಿಕನಿಗೆ ಹಾಗಲ್ಲ. ಹೊಸ ವಿಂಡೋದಲ್ಲಿ ‘ಹಿಂದಕ್ಕೆ’ ಎಂಬ ಗುಂಡಿಯು ನಿಶ್ಚೇಷ್ಟಿತವಾಗಿರುತ್ತದೆ. ಬಂದ ದಾರಿ ಕಾಣದೆ ಆತ ಎದ್ದುಹೋದರೆ, ಹೆಸರು ಹಾಗೂ ಸರ್ವೆ ನಂಬರಿನ ಪುಟವು ಮತ್ತೊಂದರ ಮರೆಯಲ್ಲಿ ತೆರೆದೇ ಉಳಿದು, ಮುಂದೆ ಬಂದವನ ಕಣ್ಣಿಗೆ ಬೀಳುತ್ತದೆ. ಔರಾದ್‌ನ ಹಳ್ಳಿಯಲ್ಲಿ ಮೊಬೈಲ್ ಹಿಡಿದವನ ಕಷ್ಟ ಬೇರೆ: ಅನೇಕ ತಾಣಗಳಲ್ಲಿ ಸೂಚನೆಯು ಮೌಸಿನ ಬಾಣ ಕೊಂಡಿಯ ಮೇಲೆ ನಿಂತಾಗಲಷ್ಟೇ ಮೂಡುತ್ತದೆ, ಬೆರಳಿಗೆ ಬಾಣವೆಲ್ಲಿಯದು?

ವಿವಾದವೇನೂ ಹೊಸತಲ್ಲ. 1997ರ ಎಚ್‌ಟಿಎಂಎಲ್ 4.0, ತನ್ನ ಕಟ್ಟುನಿಟ್ಟಿನ ರೂಪದಲ್ಲಿ ವಿಂಡೋ ನಿರ್ದೇಶಿಸುವ ‘ಟಾರ್ಗೆಟ್’ ಗುಣಕ್ಕೆ ಸ್ಥಾನ ಕೊಟ್ಟಿರಲಿಲ್ಲ. 2014ರ ಎಚ್‌ಟಿಎಂಎಲ್5 ಅದನ್ನು ಮರಳಿ ಅಂಗೀಕರಿಸಿತು. ಹಾಗೆ ತೆರೆದ ಪುಟವು ಹಿಂದಿದ್ದ ಪುಟವನ್ನೇ ಬೇರೆಡೆಗೆ ತಿರುಗಿಸಿ ವಂಚಿಸುವ ಅಪಾಯವೂ ಇದ್ದಿತು. ಕ್ರೋಮ್ ಬ್ರೌಸರ್ ಅದನ್ನು ತಾನಾಗಿ ತಡೆಯತೊಡಗಿದ್ದು 2021ರಲ್ಲಿ.

ಅಪವಾದ ಇಲ್ಲದಿಲ್ಲ. ಅರ್ಜಿಯನ್ನು ಅರ್ಧ ತುಂಬಿರುವಾಗ ನಿಯಮವೊಂದನ್ನು ನೋಡಬೇಕಾದರೆ ಹೊಸ ವಿಂಡೋ ಉಪಕಾರಿಯೇ ಸರಿ. ಇಲ್ಲವಾದರೆ ತುಂಬಿದ್ದೆಲ್ಲ ಅಳಿಸಿಹೋಗಬಹುದು. ಅಂತಹ ಕಡೆ ‘ಹೊಸ ವಿಂಡೋದಲ್ಲಿ ತೆರೆಯುತ್ತದೆ’ ಎಂಬ ಮಾತು ಕೊಂಡಿಯ ಅಕ್ಷರಗಳ ಜೊತೆಯಲ್ಲಿಯೇ, ಕನ್ನಡದಲ್ಲಿ, ಒತ್ತುವ ಮೊದಲೇ ಕಾಣುವಂತಿರಬೇಕು. ಉಳಿದ ಕೊಂಡಿಗಳನ್ನು ಅದೇ ವಿಂಡೋದಲ್ಲಿ ತೆರೆಯಲು ಬಿಟ್ಟರೆ ಜಿಲ್ಲಾಡಳಿತಕ್ಕೆ ಆಗುವ ನಷ್ಟವೇನೂ ಇಲ್ಲ.