ಲ ಶಾತೆಲಿಯೆ ನಿಯಮದ ಬೋಧನೆ: ಒಂದು ವಿಮರ್ಶೆ

ಎರಡನೆಯ ಸೆಮಿಸ್ಟರಿನ ಸಾಮಾನ್ಯ ರಸಾಯನಶಾಸ್ತ್ರದ ಪಾಠಗಳಲ್ಲಿ, 1884ರಲ್ಲಿ ಲ ಶಾತೆಲಿಯೆ ಮಂಡಿಸಿದ ನಿಯಮವು ಅನೇಕ ವೇಳೆ ನಾಣ್ಣುಡಿಯಂತೆ ಬರುತ್ತದೆ: ಬದಲಾವಣೆಯನ್ನು ತಂದರೆ ಸಮತೋಲವು ಅದನ್ನು ಎದುರಿಸುವತ್ತ ಸರಿಯುತ್ತದೆ. ಕಂಠಪಾಠಕ್ಕೆ ಇದು ಬಲು ಅನುಕೂಲ, ಪರೀಕ್ಷಕರಿಗೂ. ಆದರೆ ಅಮೋನಿಯದ ಸಂಯೋಜನೆಯನ್ನೇ ನೋಡೋಣ. ಅನಿಲಗಳು ಆದರ್ಶವೆಂದು ಬಗೆದು, ಉಷ್ಣತೆ ಒತ್ತಡಗಳನ್ನು ಸ್ಥಿರವಾಗಿರಿಸಿ, ಮಿಶ್ರಣದ ಅಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾರಜನಕವಿರುವಾಗ ಇನ್ನಷ್ಟು ಸಾರಜನಕವನ್ನು ಬೆರೆಸಿದರೆ ಅಮೋನಿಯ ಹೆಚ್ಚುವುದಿಲ್ಲ, ವಿಘಟಿಸುತ್ತದೆ. ಗಾತ್ರ ಹಿಗ್ಗಿ ಉಳಿದ ಅನಿಲಗಳ ಆಂಶಿಕ ಒತ್ತಡ ತಗ್ಗುತ್ತದೆ; ಸಮತೋಲದ ಸಮೀಕರಣದಲ್ಲಿ ಅಮೋನಿಯದ್ದು ಎರಡನೆಯ ಘಾತವಾದರೆ ಜಲಜನಕದ್ದು ಮೂರನೆಯದು. ನಾಣ್ಣುಡಿಯನ್ನು ನೆಚ್ಚಿದ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ; ಪ್ರತಿಕ್ರಿಯಾ ಭಾಗಲಬ್ಧವನ್ನು ಸಮತೋಲ ಸ್ಥಿರಾಂಕದೊಡನೆ ಹೋಲಿಸಿದವನು ಎಡವಲಾರ. ಇಷ್ಟು ಗಣಿತವು ಪ್ರಥಮ ವರ್ಷದವರಿಗೆ ಭಾರವೆಂಬ ಆಕ್ಷೇಪವನ್ನು ನಾವು ಒಪ್ಪಲಾರೆವು. ಇಲ್ಲಿ ಬೇಕಾದುದು ಗುಣಾಕಾರ, ಭಾಗಾಕಾರಗಳಷ್ಟೆ.